ಮೊದಲ ಗುಟುಕಿನ ತಂಪು

ದಾನ ಕೊಟ್ಟವರಿಗೆ ಅದನ್ನು ಪಡೆದವರ ಸುಖ ತಮ್ಮ ಮೈಯಲ್ಲೇ ತಿಳಿಯತೊಡಗಿದ ಮೇಲೆ, ದಾನಿಗಳ ದುಡ್ಡಿನಲ್ಲಿ ಓಣಿಗಳಿಗೆ ನೀರು ಹಂಚುವ ಪ್ರತಿಷ್ಠಾನದ ರೀತಿಯೇ ಬದಲಾಗಿತ್ತು. ಓಣಿಯ ಪರವಾಗಿ ಒಬ್ಬರು ನಲ್ಲಿಯ ಹಿಡಿಕೆ ಹಿಡಿದು ಮೊದಲ ಗುಟುಕು ಕುಡಿಯಬೇಕು. ಎಲ್ಲೋ ದೂರದ ದಾನಿಯ ಗಂಟಲಿಗೆ ಆ ತಂಪು ಮುಟ್ಟಿದರೆ ಮಾತ್ರ ಓಣಿಗೆಲ್ಲ ವಾರದ ನೀರು.

ಈ ಸಲ ಶಂಕ್ರವ್ವನ ಮಗಳು ನೀಲಾಳ ಸರದಿ. ದಾಹ ಹೆಚ್ಚಿದಷ್ಟೂ ಗುಟುಕಿನ ಸುಖ ಹೆಚ್ಚೆಂದು ಶಂಕ್ರವ್ವ ಮನಸ್ಸು ಕಲ್ಲು ಮಾಡಿಕೊಂಡು ನಿನ್ನೆಯಿಂದ ಮಗಳಿಗೆ ಹನಿ ನೀರೂ ಕೊಟ್ಟಿರಲಿಲ್ಲ.

ನೀಲಾ ಹಿಡಿಕೆ ಹಿಡಿದು ಕುಡಿದಳು. ನಲ್ಲಿ ನಿಂತುಬಿಟ್ಟಿತು.

"ದಾನಿಗೇನೂ ಮುಟ್ಟಲಿಲ್ಲಂತ್ರಿ," ಎಂದ ಪ್ರತಿಷ್ಠಾನದ ನೌಕರ. "ಮುಂದಿನ ವಾರ ನೋಡೂಣು."

ಕೊಡ ಹಿಡಿದು ನಿಂತವರು ಯಾರೂ ಬಯ್ಯಲಿಲ್ಲ. ಒಣಗಿದ ಬಾಯಲ್ಲಿ ಬೈಗುಳವೂ ಹುಟ್ಟುವುದಿಲ್ಲ.

ಮನೆಗೆ ಬಂದರೆ ಅತ್ತೆ ಹೊಸ್ತಿಲಲ್ಲಿ ಕೂತಿದ್ದಳು. ಪಕ್ಕದಲ್ಲಿ ಬರಿದಾದ ಲೋಟ, ಬೆಲ್ಲದ ಚೂರು. ಶಂಕ್ರವ್ವನಿಗೆ ಎಲ್ಲ ತಿಳಿಯಿತು.

"ಕೆಲಸಕ್ಕ ಹೊಂಟ ಕೂಸಿನ್ನ ಬೆಲ್ಲ-ನೀರು ಕೊಡದ ಹೆಂಗ ಕಳಸ್ಲಿ?" ಎಂದಳು ಅತ್ತೆ. "ನನ್ನ ಪಾಲಿಂದು ಒಂದು ಗುಟುಕು ಉಳಿಸಿಟ್ಟಿದ್ದೆ." ಆಮೇಲೆ ಮೊಮ್ಮಗಳ ತಲೆ ಸವರಿ ಕೇಳಿದಳು, "ನಲ್ಲಿ ನೀರು ತಂಪಿದ್ವೇನವ್ವ?"

"ನಿನ್ನ ನೀರು ತಂಪಿದ್ವು, ಆಯಿ," ಎಂದಳು ನೀಲಾ.