ಎಡಗಡೆಯ ಬಳ್ಳಿ

ಚಿತ್ರಕಲಾ ಶಾಲೆಯಲ್ಲಿ ವಿನ್ಯಾಸ ಕಲಿಸುವ ಮೇಷ್ಟ್ರು ಶ್ರೀವತ್ಸ. ಹೆಣ್ಣು ನೋಡಲು ಬಂದವನು ಕಾರು ನಿಲ್ಲಿಸಲು ಜಾಗ ಹುಡುಕಿ ಬರುವಷ್ಟರಲ್ಲಿ ತಾಯಿ ಇಂದಿರಮ್ಮ ಒಳಗೆ ಕುಳಿತಾಗಿತ್ತು.

ಕಾಫಿ ಕೊಡುತ್ತ ನಂದಿತಾ ಕೇಳಿದಳು, “ಬಾಗಿಲಲ್ಲಿ ತುಂಬಾ ಹೊತ್ತು ನಿಂತಿದ್ರಲ್ಲ, ರಂಗೋಲಿ ನೋಡ್ತಿದ್ರಾ?”

“ನಿಜ ಹೇಳ್ಲಾ? ಬಲಗಡೆ ತುಂಬಾ ಚೆನ್ನಾಗಿದೆ. ಗೆರೆಯಲ್ಲಿ ಹಿಡಿತ ಇದೆ, ಬಿಡಬೇಕಾದ ಕಡೆ ಜಾಗ ಬಿಟ್ಟಿದ್ದೀರಿ. ಎಡಗಡೆ ಬಳ್ಳಿ ಮಾತ್ರ ಎಲ್ಲಾ ಕೆಡಿಸಿಬಿಟ್ಟಿದೆ. ಸಮತೋಲನವೇ ಇಲ್ಲ. ನನ್ನ ಮೊದಲ ವರ್ಷದ ಮಕ್ಕಳೂ ಹೀಗೆ ಎಳೆಯಲ್ಲ.”

ಈ ಸಂಬಂಧವೂ ತಪ್ಪಿತೆಂದು ನಂದಿತಾಳ ತಂದೆಯ ಮುಖ ಸಪ್ಪಗಾಯಿತು. ಅವಳು ಒಮ್ಮೆ ಇಂದಿರಮ್ಮನ ಕಡೆ ನೋಡಿ, ತಲೆ ತಗ್ಗಿಸಿದಳು.

“ಹೌದು, ಅವಸರದಲ್ಲಿ ಕೈ ತಪ್ಪಿತು. ಇನ್ನೊಂದ್ಸಲ ಸರಿಯಾಗಿ ಹಾಕ್ತೀನಿ.”

“ಪರವಾಗಿಲ್ಲ, ಕಲಿಸಿದ್ರೆ ಯಾರಿಗಾದ್ರೂ ಬರುತ್ತೆ,” ಎಂದ ಶ್ರೀವತ್ಸ, ದೊಡ್ಡ ಮನಸ್ಸು ಮಾಡಿ.

ಇಂದಿರಮ್ಮ ಕಾಫಿ ಲೋಟ ಕೆಳಗಿಟ್ಟರು. “ಹುಡುಗಿ ನನಗಂತೂ ಒಪ್ಪಿಗೆ,” ಎಂದು ನಂದಿತಾಳ ತಂದೆಗೆ ಹೇಳಿ, ಮಗನತ್ತ ತಿರುಗಿದರು.

“ನೀನು ಕಾರು ನಿಲ್ಲಿಸಿ ಬರೋಷ್ಟರಲ್ಲಿ ಇವಳ ಕೈಯಿಂದ ರಂಗೋಲಿ ಪುಡಿ ಇಸ್ಕೊಂಡು ಆ ಬಳ್ಳಿ ಎಳೆದಿದ್ದು ನಾನು ಕಣೋ.”