ಬೆನ್ನು ಬಿಡದ ಮುದುಕ

ಆ ಮುದುಕ ಇನ್ನೂ ಹಿಂದೆಯೇ ಬರುತ್ತಿದ್ದ.

ವಾಗೀಶ ತಿರುಗಿ ನೋಡಲಿಲ್ಲ. ಒಂದೇ ಸಮನೆ ಪಟ್ ಪಟ್ ಎನ್ನುವ ಆ ಹೆಜ್ಜೆಯ ಸದ್ದು ಚಾಮುಂಡಿ ಬೆಟ್ಟದ ಬುಡದಿಂದಲೂ ಅವನ ಕಿವಿಗೆ ಅಂಟಿಕೊಂಡಿತ್ತು. ಏರಿನ ಪ್ರತಿ ತಿರುವಿನಲ್ಲೂ ವಾಗೀಶನಿಗೆ ಏದುಸಿರು, ಮುದುಕನ ಬಾಯಲ್ಲಿ ಸಿಳ್ಳೆ. ದಾಟಿ ಹೋಗು ಮಾರಾಯ ಎಂದರೆ ದಾಟುವುದಿಲ್ಲ. ಹಾಗಂತ ಹಿಂದೆ ಉಳಿಯುವುದೂ ಇಲ್ಲ. ಇದೆಂಥ ಗ್ರಹಚಾರ!

ವಾಗೀಶ ತುಮಕೂರಿನಲ್ಲಿ ಗಣಿತದ ಮೇಷ್ಟ್ರು. ವಯಸ್ಸು ನಲವತ್ತೊಂಬತ್ತು. ರಜೆ ಸಿಕ್ಕರೆ ಸಾಕು, ಯಾವುದಾದರೂ ಊರಿಗೆ ಹೋಗಿ ಮ್ಯಾರಥಾನ್ ಓಡುವ ಹುಚ್ಚು. ಪುಣೆ, ಹೈದರಾಬಾದ್, ಕೊಯಮತ್ತೂರು, ಮೂರೂ ಕಡೆ ಓಟ ಮುಗಿಸಲು ಕೊಡುವ ಆರು ಗಂಟೆಗಳ ಗಡುವು ಮೀರಿತ್ತು. ಮೂರೂ ಕಡೆ ಇವನು ಬರುವಷ್ಟರಲ್ಲಿ ಗೇಟು ಮುಚ್ಚಿತ್ತು. ಪದಕ ನೇತುಹಾಕಲೆಂದು ನಡುಮನೆಯ ಗೋಡೆಗೆ ಹೊಡೆದಿದ್ದ ಮೊಳೆಗೆ ಹೆಂಡತಿ ಚೂಡಾಮಣಿ ಈಗ ಛತ್ರಿ ತೂಗುಹಾಕುತ್ತಾಳೆ. "ಮೊಳೆ ಮಾತ್ರ ಗಟ್ಟಿಯಾಗಿದೆ ಕಣ್ರೀ" ಎಂದು ಹೊಗಳುವುದು ಬೇರೆ. ಮೈಸೂರೇ ಕೊನೆ, ಇಲ್ಲೂ ಪದಕ ಸಿಗದಿದ್ದರೆ ಓಟದ ಸಹವಾಸವೇ ಬೇಡ ಎಂದು ಅವಳೆದುರು ಹೇಳಿ ಹೊರಟಿದ್ದ.

ಬೆಳಗ್ಗೆ ಐದಕ್ಕೆ ಓಟ ಶುರುವಾಗಿತ್ತು. ನಂದಿಯ ಹತ್ತಿರ ಬರುವಷ್ಟರಲ್ಲಿ ಕೈಗಡಿಯಾರದ ಚಾರ್ಜು ಮುಗಿದು ಅದರ ಮುಖ ಕಪ್ಪಾಯಿತು. ಫೋನು ಲಾಡ್ಜಿನಲ್ಲಿತ್ತು. ವಿಧಿಯಿಲ್ಲದೆ ಮುದುಕನನ್ನೇ ಕೇಳಿದ.

"ಯಜಮಾನ್ರೇ, ಟೈಮೆಷ್ಟು?"

ಮುದುಕ ಮಣಿಕಟ್ಟು ನೋಡಿಕೊಂಡ. "ಟೈಮೈತೆ ಸಾ. ನೀವು ಓಡಿ."

"ಎಷ್ಟು ಅಂತ ಹೇಳ್ರೀ!"

"ಐತೆ ಅಂದ್ನಲ್ಲ. ಗಾಬರಿ ಬುಡಿ."

ಕೇಳಿದ್ದಕ್ಕೆ ನೆಟ್ಟಗೆ ಉತ್ತರವಿಲ್ಲ. ಎದೆಯ ಮೇಲೆ ನಂಬರಿನ ಚೀಟಿಯೂ ಇಲ್ಲ, ಬೆನ್ನಿಗೊಂದು ಬಟ್ಟೆಚೀಲ ಮಾತ್ರ. ಪುಕ್ಕಟೆ ಓಡಲು ಬಂದ ಆಸಾಮಿ ಎಂದು ವಾಗೀಶ ತೀರ್ಮಾನಿಸಿದ. ದಾಟದೆ ಕಾಯುತ್ತಿರುವುದೇಕೆ ಎಂಬುದೂ ಹೊಳೆಯಿತು. ಕೊನೆಯ ನೂರು ಗಜದಲ್ಲಿ ಚಂಗನೆ ಮುಂದೆ ಹಾರಿ, ಊರವರ ಮುಂದೆ ತುಮಕೂರಿನ ಮೇಷ್ಟ್ರ ಮಾನ ಕಳೆಯಬೇಕು! ಅಷ್ಟೇ.

ಬೆಟ್ಟ ಇಳಿಯುವಾಗ ಮಂಡಿ ನೋವು ಶುರುವಾಯಿತು. ನಡೆದ, ಓಡಿದ, ಮತ್ತೆ ನಡೆದ. ಅವನು ನಡೆದಾಗಲೆಲ್ಲ ಹಿಂದಿನ ಸದ್ದು ನಿಲ್ಲುತ್ತಿತ್ತು. ತಿರುಗಿದರೆ, ದೂರದಲ್ಲಿ ಮುದುಕ ಬಗ್ಗಿ ಶೂ ಸರಿಮಾಡಿಕೊಳ್ಳುತ್ತಿದ್ದ. ಒಂದು ಸಲವಲ್ಲ, ಐದಾರು ಸಲ. ಒಂದು ಗಂಟು ನೆಟ್ಟಗೆ ಹಾಕಲು ಬಾರದವನು ನನ್ನನ್ನು ಅಣಕಿಸುತ್ತಾನಲ್ಲ ಎಂದು ವಾಗೀಶನಿಗೆ ಮೈಯೆಲ್ಲ ಉರಿಯಿತು. ತಾನು ನಾಲ್ಕು ಹೆಜ್ಜೆ ಓಡಿದರೆ ಮತ್ತೆ ಅದೇ ಪಟ್ ಪಟ್.

ಮಂಡಿ ಮೊಹಲ್ಲಾದಲ್ಲಿ ನೀರು ಕೊಡುವವರು ವಾಗೀಶನ ಕೈಗೊಂದು ಲೋಟ ಕೊಟ್ಟರು. ಹಿಂದೆಯೇ ಬಂದ ಮುದುಕನನ್ನು ನೋಡಿದ್ದೇ ತಡ, ಮೇಜು ಮಡಚತೊಡಗಿದರು.

"ಏನ್ ಸಿದ್ದಪ್ಪಾಜಿ, ಇವತ್ತು ಇಷ್ಟೊತ್ತು?" ಎಂದು ಯಾರೋ ಕೂಗಿದರು.

"ಲೇಸು ಬಿಚ್ಕತಾ ಐತೆ ಕಣಪ್ಪ, ಏನ್ ಮಾಡಾದು!"

ಓಹೋ, ಊರಿಗೆಲ್ಲ ಬೇಕಾದವನು! ವಾಗೀಶ ಹಲ್ಲು ಕಚ್ಚಿ ಓಡಿದ.

ದೇವರಾಜ ಮಾರ್ಕೆಟ್ಟಿನ ಹೂವಿನ ವಾಸನೆ ಮೂಗಿಗೆ ಬಡಿಯಿತು. ಮುಂದೆ ದೊಡ್ಡ ಗಡಿಯಾರ. ಸದ್ಯ, ಇವನ ಹಂಗಿಲ್ಲದೆ ಟೈಮು ಗೊತ್ತಾಗುತ್ತದೆ ಎಂದು ವಾಗೀಶ ಕತ್ತೆತ್ತುವಷ್ಟರಲ್ಲಿ ಮುದುಕ ದಡಬಡ ಪಕ್ಕಕ್ಕೆ ಬಂದ.

"ನೆಲ ನೋಡ್ಕಂಡ್ ಓಡಿ ಸಾ! ಗುಂಡಿ! ಗುಂಡಿ ಐತೆ ಇಲ್ಲಿ!"

ವಾಗೀಶ ಬೆಚ್ಚಿ ನೆಲ ನೋಡಿದ. ನೋಡುತ್ತ ನೋಡುತ್ತ ಗಡಿಯಾರ ಹಿಂದಕ್ಕೆ ಹೋಯಿತು. ಗುಂಡಿಯೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಡಾಂಬರು ಅಂಗೈಯಷ್ಟು ನುಣ್ಣಗಿತ್ತು.

ತಡೆದಿದ್ದ ಸಿಟ್ಟೆಲ್ಲ ಹೊರಬಂತು. "ಏನ್ರೀ ಬೇಕು ನಿಮಗೆ? ಬೆಳಗ್ಗೆಯಿಂದ ಪ್ರಾಣ ತಿಂತಿದ್ದೀರಲ್ಲ! ಮುಂದೆ ಹೋಗಿ, ಇಲ್ಲಾ ತೊಲಗಿ!"

ಮುದುಕ ಬೇಜಾರು ಮಾಡಿಕೊಳ್ಳಲಿಲ್ಲ. "ಅಂಗೇ ಬಯ್ಕಂಡ್ ಓಡಿ ಸಾ. ಕಾಲು ಚುರುಕಾಯ್ತು ನೋಡಿ."

ನಿಜ, ಕಾಲು ಚುರುಕಾಗಿತ್ತು. ಓಟ ಮುಗಿಯುವ ಮೈದಾನದ ಗೇಟು ಕಂಡಿತು. ತೆರೆದೇ ಇತ್ತು! ವಾಗೀಶ ಮಂಡಿ ನೋವು ಮರೆತ, ವಯಸ್ಸು ಮರೆತ. ಈ ಮುದುಕನಿಗೆ ಮಾತ್ರ ಬಿಟ್ಟುಕೊಡಬಾರದು ಎಂದು ಕಣ್ಣು ಮುಚ್ಚಿ ನುಗ್ಗಿದ. ಒಂದು ಹುಡುಗಿ ಬಂದು ಅವನ ಕೊರಳಿಗೆ ಪದಕ ಹಾಕಿದಳು.

"ನೋಡಿದ್ರಾ? ಹಿಂದೆ ಹಾಕಿದೆ ಅವರನ್ನ!" ಎಂದು ವಾಗೀಶ ಮಗುವಿನ ಹಾಗೆ ಕುಣಿದ. ಕಣ್ಣಲ್ಲಿ ನೀರು ಬಂತು. ಛತ್ರಿಗೆ ಬೇರೆ ಜಾಗ ಹುಡುಕಿಕೊಳ್ಳಲಿ ಚೂಡಾಮಣಿ!

ಆಮೇಲೆ ತಲೆಯೆತ್ತಿದ. ಗೇಟಿನ ಕಮಾನಿನ ಮೇಲೆ, ಓಟ ಶುರುವಾದಾಗಿನಿಂದ ಹೊತ್ತು ಎಣಿಸುವ ಗಡಿಯಾರದಲ್ಲಿ ಆರು ಗಂಟೆ ಹತ್ತೊಂಬತ್ತು ನಿಮಿಷ.

"ಇದು... ಆರು ಗಂಟೆ ತುಂಬಿದ ಕೂಡಲೇ ಗೇಟು ಮುಚ್ಚಬೇಕಿತ್ತಲ್ವಾ?"

"ಸಿದ್ದಪ್ಪಾಜಿ ಒಳಗೆ ಬಂದ ಮೇಲೇ ಮುಚ್ಚೋದು ಸಾರ್," ಎಂದಳು ಹುಡುಗಿ. ಅವಳ ಎದೆಯ ಚೀಟಿಯಲ್ಲಿ ಪ್ರೀತಿ ಎಂದಿತ್ತು. "ಎಲ್ಲರಿಗಿಂತ ಹಿಂದೆ ಓಡೋದೇ ಅವರ ಕೆಲಸ. ಲೆಕ್ಕ ಹಾಕ್ಕೊಂಡು, ಓಟ ಶುರುವಾಗಿ ಸರಿಯಾಗಿ ಆರು ಗಂಟೆ ಆಗೋ ಹೊತ್ತಿಗೆ ಇಲ್ಲಿಗೆ ಬರ್ತಾರೆ. ಅವರು ದಾಟಿ ಬಂದ್ರು ಅಂದ್ರೆ ಹಿಂದಿದ್ದವರ ಓಟ ಮುಗೀತು. ಹನ್ನೆರಡು ವರ್ಷದಿಂದ ಒಂದ್ ನಿಮಿಷ ಹೆಚ್ಚುಕಮ್ಮಿ ಆಗಿರಲಿಲ್ಲ. ಪಾಪ, ಇವತ್ತು ದಾರೀಲೆಲ್ಲ ಶೂ ಲೇಸು ಬಿಚ್ಕೊಳ್ತಾನೇ ಇತ್ತಂತೆ."

ಆಗ ಸಿದ್ದಪ್ಪಾಜಿ ಸಿಳ್ಳೆ ಹಾಕುತ್ತ ಗೇಟು ದಾಟಿ ಬಂದ. ಹಿಂದೆಯೇ ಇಬ್ಬರು ಹಗ್ಗ ಎಳೆದು ಕಟ್ಟಿದರು. ವಾಗೀಶ ಪದಕವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಇಡೀ ಬೆಳಗ್ಗೆ ಬೆನ್ನು ಹತ್ತಿದ್ದ ಆ ಕಾಲುಗಳನ್ನು ಮೊದಲ ಸಲ ಹತ್ತಿರದಿಂದ ನೋಡಿದ.

ಹಾಗೇ ತೂರಿಸಿಕೊಳ್ಳುವ ಕ್ಯಾನ್ವಾಸ್ ಶೂ. ಲೇಸು ಹಾಗಿರಲಿ, ಲೇಸು ಪೋಣಿಸಲು ಒಂದು ತೂತೂ ಇರಲಿಲ್ಲ.