ಕೈಯಾರೆ ಕಿತ್ತ ಕೊಂಡಿ

2002ರ ಡಿಸೆಂಬರ್ 9, ಮಧ್ಯಾಹ್ನ 2 ಗಂಟೆ 47 ನಿಮಿಷ. ಕಾಡ್ಗಿಚ್ಚು ಗುಡ್ಡದ ಮೇಲಿನ ವೀಕ್ಷಣಾಲಯದ ಗೇಟು ಮುಟ್ಟಿತ್ತು. ಖಗೋಳವಿಜ್ಞಾನಿ ಡೆಸ್ಮಂಡ್ ಮಾತ್ರ ತನ್ನ ಮೂವತ್ತು ವರ್ಷಗಳ ನಕ್ಷತ್ರದ ದಾಖಲೆಗಳನ್ನು ವಿಶ್ವವಿದ್ಯಾಲಯಗಳ ಜಾಲದ ಮೂಲಕ ಸಿಡ್ನಿಗೆ ಕಳಿಸುತ್ತ ಒಳಗೇ ಕೂತಿದ್ದ.

"ಗಾಡಿ ಹತ್ತೋ ಗೂಬೆ!" ಸಿಡ್ನಿಯಲ್ಲಿ ಜಾಲದ ಉಸ್ತುವಾರಿ ನೋಡುತ್ತಿದ್ದ ಬ್ರಾನ್ವಿನ್ ಫೋನಿನಲ್ಲಿ ಕಿರುಚಿದಳು.

"ಇನ್ನು ಇಪ್ಪತ್ತೇ ನಿಮಿಷ ಮಾರಾಯ್ತಿ. ಸುಟ್ರೆ ಮೀಸೆ ಸುಟ್ಟೀತು. ಕಳಿಸೋದು ಮುಗೀದೆ ನಾನು ಏಳಲ್ಲ."

ಜಾಲ ಶುರುವಾದ ಹನ್ನೊಂದು ವರ್ಷಗಳಲ್ಲಿ ಅದರ ಒಂದು ಕೊಂಡಿಯನ್ನೂ ಯಾರೂ ಬೇಕೆಂದು ಕಡಿದಿರಲಿಲ್ಲ. ಬ್ರಾನ್ವಿನ್ ಸಿಡ್ನಿಯ ತನ್ನ ಯಂತ್ರಕ್ಕೆ ವೀಕ್ಷಣಾಲಯದಿಂದ ಬರುತ್ತಿದ್ದ ಕೇಬಲನ್ನು ಹಿಡಿದು ಎಳೆದಳು.

"ನಿಂತೇಹೋಯ್ತಲ್ಲೇ! ಏನ್ಮಾಡಿದೆ?"

"ನಾನೇ ಕಿತ್ತೆ. ಇನ್ನು ನಿಂಗೆ ಅಲ್ಲಿ ಕೆಲಸ ಇಲ್ಲ, ಹೊರಡು."

ಒಂದು ಬೈಗುಳ ಕೇಳಿಸಿತು, ಆಮೇಲೆ ಕುರ್ಚಿ ಸರಿದ ಸದ್ದು, ಓಡುವ ಬೂಟುಗಳ ಸದ್ದು.

ಸಂಜೆಯ ಹೊತ್ತಿಗೆ ವೀಕ್ಷಣಾಲಯ ಬೂದಿಯಾಗಿತ್ತು; ಡೆಸ್ಮಂಡ್ ಗುಡ್ಡ ಇಳಿದು ಬದುಕಿಕೊಂಡಿದ್ದ. ಅವನ ಮೂವತ್ತು ವರ್ಷಗಳ ದಾಖಲೆಗಳಲ್ಲಿ ಸಿಡ್ನಿಗೆ ತಲುಪಿದ್ದು ಶೇಕಡ 61.4.